ಮನೆಗಂದಾಯದ ರಸೀತಿಯಲ್ಲೊಂದು ಪುಸ್ತಕ ಭಂಡಾರ

ಬೆಂಗಳೂರಿನ ಗೃಹಸ್ಥನು ಮನೆಗಂದಾಯದ ರಸೀತಿಯಲ್ಲಿ ಒಟ್ಟು ಮೊತ್ತವನ್ನು ನೋಡಿ ನಿಟ್ಟುಸಿರಿಡುತ್ತಾನೆ. ಅದರೊಳಗೆ ಅಡಗಿರುವ ಗ್ರಂಥಾಲಯ ಕರದ ಕಡೆಗೆ ಅವನ ಕಣ್ಣು ಹೋಗುವುದು ವಿರಳ. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಮೇರೆಗೆ ಇಂದು ಕಂದಾಯದ ಪ್ರತಿ ರೂಪಾಯಿಯ ಮೇಲೆ 6 ಪೈಸೆ ಗ್ರಂಥಾಲಯಕ್ಕೆ ಸಲ್ಲಬೇಕು. ಸಾವಿರ ರೂಪಾಯಿ ತೆರುವವನು 60 ರೂಪಾಯಿಗಳನ್ನು ಪುಸ್ತಕಕ್ಕೆಂದೇ ಕೊಟ್ಟಂತಾಯಿತು.

ಅದರ ಫಲವನ್ನು ಕಾಣಬೇಕಾದರೆ ಬೆಳಗಿನ ಹೊತ್ತು ಯಾವುದಾದರೊಂದು ಬಡಾವಣೆಯ ಶಾಖಾ ಗ್ರಂಥಾಲಯವನ್ನು ಹೊಗಬೇಕು. ವೃತ್ತಪತ್ರಿಕೆಯ ಹಾಳೆಗಳನ್ನು ತಮ್ಮತಮ್ಮಲ್ಲೇ ಹಂಚಿಕೊಂಡು ಕುಳಿತ ನಿವೃತ್ತರು. ಮನೆಯಲ್ಲಿ ಓದಲು ಒಂದು ಮೂಲೆಯೂ ಇಲ್ಲದೆ ಇಲ್ಲಿಗೆ ಬಂದು ಪರೀಕ್ಷೆಗೆ ಸಿದ್ಧರಾಗುವ ತರುಣ ತರುಣಿಯರು. ಕುಳಿತು ಓದುವವರನ್ನು ಯಾರೂ ಕಾಸು ಕೇಳುವುದಿಲ್ಲ. ಪುಸ್ತಕವನ್ನು ಮನೆಗೊಯ್ಯುವವರಷ್ಟೇ ಠೇವಣಿಯಿಡಬೇಕು. ಕಬ್ಬನ್ ಉದ್ಯಾನದ ಕೆಂಪು ಶೇಷಾದ್ರಿ ಅಯ್ಯರ್ ಸ್ಮಾರಕ ಭವನದವರೆಗೆ ಹೋಗಲಾರದವರಿಗೆ ಇದೇ ವಿದ್ಯಾಪೀಠ.

ತೊಡಕಿರುವುದು ಬೇರೆ ಕಡೆ. ಕರ ಎತ್ತುವುದು ಪಾಲಿಕೆ, ಪುಸ್ತಕ ಕೊಳ್ಳುವುದು ಗ್ರಂಥಾಲಯ ಇಲಾಖೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಕಾಲದಲ್ಲಿ ಇವೆರಡರ ನಡುವಣ ಬಾಕಿ ಕೋಟಿಗಟ್ಟಲೆ ಬೆಳೆಯಿತು. 2025ರಲ್ಲಿ ಅದರ ಸ್ಥಾನಕ್ಕೆ ಐದು ನಗರ ಪಾಲಿಕೆಗಳು ಬಂದಿವೆ. ತನ್ನ ಬಡಾವಣೆಯ ಕಪಾಟಿನಲ್ಲಿ ಹೊಸ ಪುಸ್ತಕವೇಕಿಲ್ಲವೆಂದು ಗೃಹಸ್ಥನು ಈಗ ತನ್ನ ಪಾಲಿಕೆಯನ್ನು ರಸೀತಿ ಹಿಡಿದೇ ಕೇಳಬಹುದು.