ಪಟ್ಟೆಯಿಂದ ಹುಲಿಯ ಗಣನೆ

ಗೂನುಬೆನ್ನಿನ ತಿಮಿಂಗಿಲಗಳನ್ನು ಬಾಲದ ತಳದ ಕಪ್ಪು-ಬಿಳುಪು ವಿನ್ಯಾಸದಿಂದ ಛಾಯಾಚಿತ್ರದಲ್ಲಿ ಗುರುತಿಸಿ ಎಣಿಸುವ ವಿಜ್ಞಾನಿಗಳುಂಟು. ಅಂಥ ವಿದ್ಯೆಯೇ ನಮ್ಮ ಸರಗೂರಿನ ನೆರೆಯ ನಾಗರಹೊಳೆಯಲ್ಲಿ ಹುಲಿಗಳಿಗೆ ಸಂದಿತು. ಮೊದಲು ಯಂತ್ರಶಾಸ್ತ್ರವನ್ನು ಅಭ್ಯಸಿಸಿ ಅನಂತರ ವನ್ಯಜೀವಿಶಾಸ್ತ್ರಕ್ಕೆ ತಿರುಗಿದ ಡಾ. ಉಲ್ಲಾಸ ಕಾರಂತರು ಕಾಡುಹಾದಿಯ ಇಕ್ಕೆಲದಲ್ಲೂ ಕ್ಯಾಮೆರಾಗಳನ್ನಿರಿಸಿದರು. ಹುಲಿಯ ಎಡಮೈಯ ಪಟ್ಟೆ ಬಲಮೈಯಲ್ಲಿದ್ದಂತಿರದಷ್ಟೆ. ಒಮ್ಮೆ ಚಿತ್ರಕ್ಕೆ ಸಿಕ್ಕ ಹುಲಿಗಳು ಮರಳಿ ಎಷ್ಟು ಸಲ ಸಿಕ್ಕವೆಂಬುದರಿಂದ, ಸಿಕ್ಕದೆ ಉಳಿದವುಗಳನ್ನೂ ಗಣಿತವು ಅಂದಾಜಿಸುತ್ತದೆ. ಈ ಕುರಿತ ಅವರ ಪ್ರಬಂಧ 1995ರಲ್ಲಿ ಪ್ರಕಟವಾಯಿತು.

ಆಗ ಸರಕಾರದ ಗಣತಿಗೆ ಹೆಜ್ಜೆಗುರುತೇ ಆಧಾರ. ಒಂದೇ ಪಾದವು ಕೆಸರಿನಲ್ಲೊಂದು, ಧೂಳಿನಲ್ಲೊಂದು ಆಕಾರ ತಳೆಯುವಾಗ ಆ ಲೆಕ್ಕವನ್ನು ನಂಬುವುದೆಂತು? 2005ರಲ್ಲಿ ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಯೇ ಉಳಿದಿಲ್ಲವೆಂದು ಖಚಿತವಾದ ಮೇಲೆ ಆ ಪದ್ಧತಿಯನ್ನು ಕೈಬಿಡಲಾಯಿತು.

ಪಟ್ಟೆಗಳನ್ನು ಇಂದು ಗಣಕವೂ ಹೋಲಿಸುತ್ತದೆ. ಓಲೆಗರಿಗಳ ಪಾಠಾಂತರ ನೋಡಿದವರಿಗೆ ಈ ತಾಳ್ಮೆಯ ಕೆಲಸ ಅಪರಿಚಿತವಲ್ಲ. ಈ ವೃತ್ತಿಯನ್ನು ಬಯಸುವ ವಿದ್ಯಾರ್ಥಿಗಳು ಜೀವಶಾಸ್ತ್ರದೊಡನೆ ಸಂಖ್ಯಾಶಾಸ್ತ್ರವನ್ನೂ ಅಭ್ಯಸಿಸತಕ್ಕದ್ದು.