ಮನೆಯ ಸಾಲವೂ ಮನೆಯೊಳಗಿನ ಪಾಠವೂ

ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ ಮನೆಗೆ ಬಂದು ಕುಳಿತ ನನಗೆ, ಈ ವಯಸ್ಸಿನಲ್ಲಿ ಪುನಃ ಲೆಕ್ಕದ ಪಾಠ ಹೇಳುವ ಯೋಗವಿದೆಯೆಂದು ಯಾರು ತಿಳಿದಿದ್ದರು? ಅದೂ ಸ್ಥಿರಾಸ್ತಿಯ ಹಣಕಾಸೆಂಬ, ನಮ್ಮ ಇಂಗಳೇಶ್ವರದ ಕಟ್ಟೆಯ ಮೇಲೆ ಎಂದೂ ಹೆಸರು ಕೇಳದಿದ್ದ ವಿಷಯದಲ್ಲಿ!

ನನ್ನ ತಂಗಿಯ ಮಗನು ವಿಜಯಪುರದಲ್ಲಿ ಗೃಹಸಾಲ ಕೊಡುವ ಒಂದು ಕಂಪನಿಯ ಶಾಖೆಯಲ್ಲಿ ಏಳು ವರ್ಷಗಳಿಂದ ನೌಕರನಾಗಿರುವನು. ಸಾಲ ಬೇಡುವವರ ಮನೆಗೆ ಹೋಗಿ ಉತಾರ, ಖರೀದಿಪತ್ರ, ಸಂಬಳದ ಚೀಟಿ ಇವುಗಳನ್ನು ಕೂಡಿಸಿ ತರುವುದು ಅವನ ಕೆಲಸ. ಸಾಲ ಕೊಡಬಹುದೋ ಕೂಡದೋ ಎಂದು ನಿರ್ಣಯಿಸುವ ಮೇಜಿನ ಬಳಿ ಅವನಿಗೆ ಸ್ಥಾನವಿಲ್ಲ. ಅವನ ಹಿಂದೆ ಬಂದ ಇಬ್ಬರು ತರುಣರು ದೊಡ್ಡ ಪದವಿಯ ಬಲದಿಂದ ಆ ಮೇಜನ್ನು ಸೇರಿದರು. ಆಗ ಅವನು ರಾತ್ರಿಯ ಹೊತ್ತು ಮೊಬೈಲಿನಲ್ಲಿ ಓದಲಾರಂಭಿಸಿದನು.

ಇಂಥ ಓದಿಗೆ ಈಗ ಅನುಕೂಲತೆ ಬಹಳ. ಕೇಂದ್ರ ಸರ್ಕಾರವು 2017ರಲ್ಲಿ ತೆರೆದ ‘ಸ್ವಯಂ’ ಎಂಬ ಜಾಲಶಾಲೆಯಲ್ಲಿ ಪಾಠ ಕೇಳುವುದಕ್ಕೆ ಕಾಸಿನ ಖರ್ಚಿಲ್ಲ. ಪರೀಕ್ಷೆ ಕೊಟ್ಟು ಪ್ರಮಾಣಪತ್ರ ಬೇಕೆನ್ನುವವರು ಮಾತ್ರ ಶುಲ್ಕ ತೆರಬೇಕು. ಹಣಕಾಸಿನ ಮೂಲಪಾಠಗಳನ್ನು ಅವನು ಅಲ್ಲಿಯೇ ಕೇಳಿದನು. ಬಳಿಕ ಸ್ಥಿರಾಸ್ತಿಯ ವಿಷಯಕ್ಕಾಗಿಯೇ ಇರುವ ಬೇರೊಂದು ಸಂಸ್ಥೆಯ ತರಗತಿಗೆ ಹಣ ಕಟ್ಟಿ ಸೇರಿದನು. (ನೌಕರಿಯನ್ನೇ ಕೊಡಿಸುವೆವೆಂಬ ಒಂದು ಜಾಹೀರಾತಿಗೆ ಮರುಳಾಗಿ ಎರಡು ತಿಂಗಳ ಸಂಬಳವನ್ನು ಅಲ್ಲಿಗೆ ಸುರಿಯುವವನಿದ್ದನು, ನಾನು ಗದರಿಸಿ ಬಿಡಿಸಿದೆನು.)

ಒಂದು ರವಿವಾರ ಊರಿಗೆ ಬಂದವನು ಜೋಲುಮೋರೆ ಹಾಕಿಕೊಂಡು ಕೇಳಿದನು:

“ಮಾಮಾ, ಈ ‘ಡಿಸ್ಕೌಂಟ್’ ಅಂದರ ಏನ್ರೀ? ಅಂಗಡ್ಯಾಗ ಸೋಡಿ ಬಿಡ್ತಾರಲ್ಲ, ಅದs ಏನು?”

“ಅಲ್ಲೋ ತಮ್ಮಾ. ಐದು ವರ್ಷದ ಮ್ಯಾಲೆ ಬರೋ ಲಕ್ಷ ರೂಪಾಯಿಗೆ ಇವತ್ತು ಎಷ್ಟು ಕಿಮ್ಮತ್ತು ಅಂತ ಕೇಳೂದು ಅದು.”

ಶೇಕಡಾ ಹತ್ತರ ಚಕ್ರಬಡ್ಡಿ ಹಿಡಿದು ಪಾಟಿಯ ಮೇಲೆ ಹಿಂದುಮುಂದಾಗಿ ಲೆಕ್ಕ ಮಾಡಿಸಿದೆನು. 62,092 ರೂಪಾಯಿ ಬಂದಿತು. ಇಂದು ಅಷ್ಟನ್ನು ಬಡ್ಡಿಗೆ ಕೊಟ್ಟರೆ ಐದು ವರ್ಷಕ್ಕೆ ಲಕ್ಷವಾಗುವುದೆಂದು ತಾನೇ ತಾಳೆ ನೋಡಿದ ಮೇಲೆ ಹುಡುಗನ ಮುಖ ಅರಳಿತು. ಇಂಗ್ಲಿಷಿನ ಪಾಠದಲ್ಲಿ ಹದಿನೈದು ದಿನ ತಿಳಿಯದಿದ್ದುದು ಪಾಟಿಯ ಮೇಲೆ ಅರ್ಧ ತಾಸಿನಲ್ಲಿ ತಿಳಿಯಿತು.

ಇದರಲ್ಲಿ ನನ್ನ ಪ್ರೌಢಿಮೆಯೇನೂ ಇಲ್ಲ. ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ, ಎಂದರೆ ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹದ ಮಿಶ್ರಕವ್ಯವಹಾರದಲ್ಲಿ ಅಸಲು, ಬಡ್ಡಿ, ಕಾಲ ಇವುಗಳ ಲೆಕ್ಕಗಳು ರಾಶಿರಾಶಿಯಾಗಿವೆ. ಕಂತುಕಂತಾಗಿ ತೀರುವ ಸಾಲದ ಲೆಕ್ಕವೂ ಉಂಟು. ಯಾಜ್ಞವಲ್ಕ್ಯಸ್ಮೃತಿಯು ಒತ್ತೆಯಿಟ್ಟ ಸಾಲಕ್ಕೆ ತಿಂಗಳಿಗೆ ಎಂಬತ್ತನೆಯ ಒಂದು ಭಾಗ ಬಡ್ಡಿಯೆಂದು ವಿಧಿಸಿತು. ವರ್ಷಕ್ಕೆ ಶೇಕಡಾ ಹದಿನೈದಾಯಿತು. ನಮ್ಮ ಜಿಲ್ಲೆಯು ಮುಂಬಯಿ ಇಲಾಖೆಯಲ್ಲಿದ್ದಾಗ ಬಾಕಿನಿಂತ ಬಡ್ಡಿಯು ಅಸಲನ್ನು ಮೀರಕೂಡದೆಂಬ ದಾಮದುಪ್ಪಟ್ಟಿನ ನಿಯಮವನ್ನು ನ್ಯಾಯಾಲಯಗಳೂ ಮನ್ನಿಸುತ್ತಿದ್ದವು. ಆದರೆ ತಿಂಗಳು ತಿಂಗಳು ತೆತ್ತ ಬಡ್ಡಿಗೆ ಆ ನಿಯಮ ತಗಲುವುದಿಲ್ಲ. ಶೇಕಡಾ 8.5ರಂತೆ ಇಪ್ಪತ್ತು ವರ್ಷಕ್ಕೆ ತಂದ ಇಪ್ಪತ್ತು ಲಕ್ಷಕ್ಕೆ ಕಂತು 17,356. ಕೊನೆಯ ವರೆಗೆ ತೆರುವ ಬಡ್ಡಿಯೊಂದೇ ಇಪ್ಪತ್ತೊಂದೂವರೆ ಲಕ್ಷಕ್ಕೆ ಮೇಲಾಗುವುದು.

ಇಷ್ಟರ ವರೆಗೆ ನನಗಿದು ವಿನೋದವಾಗಿತ್ತು. ವಿನೋದ ಮುಗಿದದ್ದು ಕೆಳಗಿನ ಲೆಕ್ಕದಿಂದ.

ಶೇಕಡಾ 7ರಂತೆ ಇಪ್ಪತ್ತು ವರ್ಷಕ್ಕೆ ಇಪ್ಪತ್ತು ಲಕ್ಷದ ಸಾಲ, ಕಂತು 15,506. ಒಂದು ವರ್ಷ ತುಂಬುವಾಗ ಉಳಿದ ಅಸಲು ಸುಮಾರು 19,52,400. ಈಗ ಬಡ್ಡಿಯು 9.5 ಆಯಿತೆನ್ನಿರಿ, ತಿಂಗಳ ಬಡ್ಡಿಯೇ 15,457. ಕಂತು ಬದಲಾಗದಿದ್ದರೆ ಅಸಲಿಗೆ ಜಮೆಯಾಗುವುದು ನಲವತ್ತೊಂಬತ್ತು ರೂಪಾಯಿ! ಹಾಗೆಯೇ ನಡೆದರೆ ಸಾಲ ತೀರಲು ಇನ್ನೂ ಅರವತ್ತು ವರ್ಷಕ್ಕೆ ಮೇಲೆ ಬೇಕು. ಇದು ಬರಿಯ ಕಲ್ಪನೆಯಲ್ಲ. 2022ರ ಮೇ ತಿಂಗಳಿನಿಂದ 2023ರ ಫೆಬ್ರುವರಿಯೊಳಗೆ ರಿಜರ್ವ್ ಬ್ಯಾಂಕು ತನ್ನ ರೆಪೋ ದರವನ್ನು ಶೇಕಡಾ 4ರಿಂದ 6.5ಕ್ಕೆ ಏರಿಸಿತು, ಸರಿಯಾಗಿ ಎರಡೂವರೆ.

ಲೆಕ್ಕ ಮುಗಿಸಿ ಹುಡುಗನು ಸುಮ್ಮನೆ ನನ್ನ ಮುಖ ನೋಡಿದನು. 2021ರಲ್ಲಿ ನನ್ನ ಮಗಳೂ ಅವಳ ಗಂಡನೂ ವಿಜಯಪುರದಲ್ಲಿ ಮನೆ ಕೊಳ್ಳಲು ಬ್ಯಾಂಕಿನ ಸಾಲ ತೆಗೆದಿದ್ದರು. ಜಾಮೀನಿಗೆ ರುಜು ಹಾಕಿದವನು ನಾನು. ಕಂತು ತಪ್ಪದೆ ಹೋಗುತ್ತಿದ್ದುದರಿಂದ ಯಾರೂ ಖಾತೆಯ ಉತಾರೆ ತೆಗೆಸಿ ನೋಡಿರಲಿಲ್ಲ. ತೆಗೆಸಿದೆವು. ನಲವತ್ತೊಂಬತ್ತಲ್ಲದಿದ್ದರೂ ಅಸಲಿನ ಮನೆಯಲ್ಲಿ ಒಂದೊಂದು ತಿಂಗಳು ನೂರು, ನೂರಿಪ್ಪತ್ತು ರೂಪಾಯಿಗಳೇ ಇದ್ದವು. ಸಾಲ ಮುಗಿಯುವ ವರ್ಷವು ಮಗಳ ಗಂಡನು ನೌಕರಿಯಿಂದ ನಿವೃತ್ತನಾಗುವ ವರ್ಷವನ್ನೂ ದಾಟಿ ಹೋಗಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲವೆಂದು ಹೇಳಲು ಸಂಕೋಚವಿಲ್ಲ.

ದಾರಿಯನ್ನೂ ಆ ಹುಡುಗನೇ ತೋರಿಸಿದನು. 2023ರ ಆಗಸ್ಟ್ 18ರಂದು ರಿಜರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯ ಪ್ರಕಾರ, ಬಡ್ಡಿ ಬದಲಾದಾಗ ಕಂತು ಏರಿಸುವುದೋ, ಅವಧಿ ಬೆಳೆಸುವುದೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುವುದೋ ಎಂಬ ಆಯ್ಕೆಯು ಸಾಲಗಾರನಿಗೆ ಸಲ್ಲತಕ್ಕದ್ದು. ಮಗಳು ಅರ್ಜಿ ಬರೆದು ಕಂತನ್ನು ಮೂರು ಸಾವಿರ ಏರಿಸಿಕೊಂಡಳು. ಆ ಮೂರು ಸಾವಿರವು ಮೊಮ್ಮಗನ ಸಂಗೀತದ ಪಾಠದಿಂದಲೂ ಅವಳ ಚೀಟಿಯ ಹಣದಿಂದಲೂ ಬಂದಿತು.

ಜಾಲದ ಆ ಪಾಠಗಳಲ್ಲಿ ಕೊರತೆಯೂ ಉಂಟು. ಉದಾಹರಣೆಗಳೆಲ್ಲ ಮಹಾನಗರದ ಗಗನಚುಂಬಿ ಕಟ್ಟಡಗಳವೇ. ಖರೀದಿದಾರರು ಕೊಟ್ಟ ಹಣದಲ್ಲಿ ಶೇಕಡಾ 70ನ್ನು ಬೇರೆ ಖಾತೆಯಲ್ಲಿಡಬೇಕೆಂಬ 2016ರ ರೇರಾ ಕಾಯಿದೆಯನ್ನು ಚೆನ್ನಾಗಿ ವಿವರಿಸುವರು. ಆದರೆ ಬಾಗೇವಾಡಿಯ ಸುತ್ತ ಎನ್.ಎ. ಆಗದ ಹೊಲವನ್ನು ಗುಂಟೆಗುಂಟೆಯಾಗಿ ಮಾರುವವನ ಕಾಗದವನ್ನು ನೋಡುವ ಬಗೆ ಅಲ್ಲಿಲ್ಲ. ಅದನ್ನು ಏಳು ವರ್ಷ ಮನೆಮನೆ ತಿರುಗಿದವನೇ ಬಲ್ಲನು. ಆ ತಿರುಗಾಟವನ್ನು ಅವನ ಕಚೇರಿಯವರು ವಿದ್ಯೆಯೆಂದು ಎಣಿಸಲಿಲ್ಲವೆಂಬುದೇ ನನ್ನ ಸಿಟ್ಟು.

ಕೊನೆಯ ಪರೀಕ್ಷೆಯನ್ನು ಅವನು ನಮ್ಮ ಮನೆಯ ನಡುಕೋಣೆಯಲ್ಲಿ ಕುಳಿತೇ ಬರೆದನು. ಕ್ಯಾಮೆರಾದ ಕಣ್ಣಿಗೆ ಬೇರೊಬ್ಬರ ನೆರಳೂ ಬೀಳಕೂಡದಂತೆ. ಅಷ್ಟು ಕಾಲ ಪರೀಕ್ಷಾಕೋಣೆಗಳಲ್ಲಿ ತಿರುಗಾಡಿದ ನಾನು ಎರಡು ತಾಸು ಬಾಗಿಲ ಹೊರಗೆ ಕಟ್ಟೆಯ ಮೇಲೆ ಕುಳಿತು ಓಣಿಯ ಮಕ್ಕಳನ್ನು ಚದರಿಸುತ್ತಿದ್ದೆನು. ಪುಣ್ಯವಶಾತ್ ವಿದ್ಯುತ್ತು ಹೋಗಲಿಲ್ಲ. ತೇರ್ಗಡೆಯಾದನು. ಬಡ್ತಿ ಇನ್ನೂ ಬಂದಿಲ್ಲ. ವಾರಕ್ಕೆರಡು ದಿನ ಆ ಮೇಜಿನ ಪಕ್ಕದಲ್ಲಿ ಕುಳಿತು ಕಾಗದ ನೋಡಲು ಹೇಳಿದ್ದಾರೆ, ಸಂಬಳ ಮೊದಲಿನದೇ.

2025ರಲ್ಲಿ ರೆಪೋ ದರ ಇಳಿಯತೊಡಗಿದಾಗ ಕಂತನ್ನೂ ಇಳಿಸೋಣವೇ ಎಂದು ಮಗಳು ಕೇಳಿದಳು. “ಕಂತು ಇದ್ಧಾಂಗ ಇರಲಿ, ವರ್ಷ ಇಳೀಲಿ,” ಎಂದನು ಇವನು. ಅವಳು ಹಾಗೆಯೇ ಮಾಡಿದ್ದಾಳೆ. ಮೊಮ್ಮಗನು ಮುಂದಿನ ತಿಂಗಳಿನಿಂದ ಪುನಃ ಸಂಗೀತಕ್ಕೆ ಹೋಗುವನು.