ಸ್ನೂಕರ್‌ನಲ್ಲಿ ಕ್ಯೂ ಕೋಲನ್ನು ಎಷ್ಟು ಓರೆಯಾಗಿ ಹಿಡಿಯಬೇಕು?

ಸ್ನೂಕರ್ ಮತ್ತು ಪೂಲ್ ಆಟಗಳಲ್ಲಿ ಕ್ಯೂ ಕೋಲು ಮೇಜಿಗೆ ಆದಷ್ಟೂ ಸಮಾನಾಂತರವಾಗಿರಬೇಕು. ಪೂರ್ತಿ ಸಮಾನಾಂತರ ಮಾತ್ರ ಸಾಧ್ಯವಾಗದು. ಸ್ನೂಕರ್ ಚೆಂಡಿನ ವ್ಯಾಸ 52.5 ಮಿ.ಮೀ.; ಮೇಜಿನ ಅಂಚು ಅದರ ನಡುಮಟ್ಟಕ್ಕಿಂತ ಎತ್ತರ. ಹಾಗಾಗಿ ಕೋಲಿನ ಹಿಂತುದಿ ಕೊಂಚ ಮೇಲೇಳಲೇಬೇಕು.

ಓರೆ ಹೆಚ್ಚಿದಷ್ಟೂ ಗುರಿ ಹದಗೆಡುತ್ತದೆ. ಕೆಳಮುಖವಾದ ಏಟು ಬಿಳಿ ಚೆಂಡನ್ನು ಬಟ್ಟೆಗೆ ಒತ್ತುವುದರಿಂದ ಚೆಂಡು ತುಸು ಪುಟಿಯುತ್ತದೆ. ಏಟು ನಡುಗೆರೆಯಿಂದ ಬಲಕ್ಕೆ ಬಿತ್ತೆನ್ನಿ: ಚೆಂಡು ಮೊದಲು ಕೂದಲೆಳೆಯಷ್ಟು ಎಡಕ್ಕೆ ಸರಿದು, ಆಮೇಲೆ ತನ್ನ ಸುತ್ತುವಿಕೆ ಬಟ್ಟೆಯನ್ನು ಹಿಡಿದಂತೆ ಬಲಕ್ಕೆ ಬಾಗುತ್ತದೆ. ಉದ್ದದ ಹೊಡೆತದಲ್ಲಿ ಇಷ್ಟು ಸಾಕು, ಗುರಿಯಿಟ್ಟ ಚೆಂಡು ಪಾಕೆಟ್ ತಪ್ಪುತ್ತದೆ. ಅಡ್ಡ ನಿಂತ ಚೆಂಡನ್ನು ಬಳಸಿ ಹೋಗಬೇಕಾದಾಗ ಆಟಗಾರರು ಹಿಂತುದಿಯನ್ನು ಬೇಕೆಂದೇ ಎತ್ತುವುದೂ ಈ ಬಾಗಿಗಾಗಿಯೇ.

ಬಿಳಿ ಚೆಂಡನ್ನು ಹಿಂದಕ್ಕೆ ಎಳೆಯಲು ಅದರ ಕೆಳಭಾಗಕ್ಕೆ ಹೊಡೆಯಬೇಕು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಕೆಳಗೆ ಹೊಡೆಯುವ ಆತುರದಲ್ಲಿ ಹಿಂತುದಿ ಎತ್ತಿಬಿಡುತ್ತಾರೆ. ಅದರ ಬದಲು ಮುಂದಿನ ಅಂಗೈಯನ್ನು ಮೇಜಿನ ಮೇಲೆ ಇನ್ನಷ್ಟು ಚಪ್ಪಟೆಯಾಗಿಸಿದರೆ ಕೋಲಿನ ತುದಿ ತಾನಾಗಿ ತಗ್ಗುತ್ತದೆ. ಏಟು ತಾಗುವ ಕ್ಷಣದಲ್ಲಿ ಹಿಂದಿನ ಕೈ ಮೊಣಕೈಯಿಂದ ನೇರ ಕೆಳಕ್ಕೆ ಇಳಿಬಿದ್ದಿರಬೇಕು, ಹಿಡಿತ ಸಡಿಲವಾಗಿರಬೇಕು. ಬಿಗಿ ಹಿಡಿದ ಮುಷ್ಟಿ ಕೋಲನ್ನು ಗೆರೆಯಿಂದ ಪಕ್ಕಕ್ಕೆ ತಿರುಚುತ್ತದೆ.